ದೊಡ್ಡಿಗೆ ಒಂದು ಬಿಂದಿಗೆ ನೀರು

ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದೆ. ಬೀಜ ಒಂದು ಕಡೆ, ನಾರು ಒಂದು ಕಡೆ, ಹಣ್ಣು ಡಬ್ಬಿಗೆ. ಆಗ ನಮ್ಮ ಅಕ್ಕನ ಗಂಡನ, ಅಂದರೆ ಭಾವನವರ, ಫೋನು ಬಂತು. ಲೋಕದಲ್ಲಿ ಎಲ್ಲರ ಫೋನೂ "ಹಲೋ" ಎಂದು ಶುರುವಾಗುತ್ತದೆ. ಇವರದು ನಟ್ಟನಡುವಿನಿಂದ ಶುರುವಾಗುತ್ತದೆ.

"ನಮ್ದನ್ನ ಹಿಡ್ಕಂಡೋಗಿ ದೊಡ್ಡಿಗೆ ಕೂಡವ್ರೆ ಕಣವ್ವ. ಟ್ರಾಫಿಕ್ ಪೊಲೀಸ್ ಸ್ಟೇಷನ್ ಹತ್ರ ಬಾ. ಬರೋವಾಗ ಒಂದು ಬಿಂದಿಗೆ ನೀರು ತಾ. ಬೆಳಿಗ್ಗೆಯಿಂದ ಕುಡ್ದಿಲ್ಲ ಅದು."

ದೊಡ್ಡಿ ಗೊತ್ತಲ್ಲ? ಕಂಡವರ ಹೊಲ ಮೇಯ್ದ ದನವನ್ನು ಹಿಡಿದು ಕೂಡುವ ಜಾಗ. ದಂಡ ಕಟ್ಟಿದರೆ ಬಿಡುತ್ತಾರೆ. ಮೊದಲು ಗಾಬರಿಯಾಯಿತು. ಆಮೇಲೆ ಖುಷಿಯಾಯಿತು! ಅಕ್ಕನಿಗೆ ಲಕ್ವ ಹೊಡೆದಾಗ, ಅವಳು ಎದ್ದು ನಡೆದರೆ ನಾನಿರುವ ಈ ದುರ್ಗದ ಮಠಕ್ಕೆ ಒಂದು ಕರು ಬಿಡುತ್ತೇನೆಂದು ಭಾವ ಹರಕೆ ಹೊತ್ತಿದ್ದರು. ಕರು ದುರ್ಗಕ್ಕೆ ಬಂದಿದೆ ಎಂದರೆ ಅಕ್ಕ ನಡೆದಳು ಎಂದೇ ಅಲ್ಲವೆ?

ಅವಸರಕ್ಕೆ ಕೈಗೆ ಸಿಕ್ಕಿದ್ದು ದೇವರ ಮನೆಯ ತಾಮ್ರದ ಬಿಂದಿಗೆ. ಪೂಜೆಗೆಂದು ತುಂಬಿಟ್ಟಿದ್ದೆ. ಕರು ಹಸಿದಿರುತ್ತದೆಂದು ಮೂಲಂಗಿಯ ಸೊಪ್ಪನ್ನೂ ಮುರಿದುಕೊಂಡು ಆಟೋ ಹತ್ತಿದೆ. ದಾರಿಯಲ್ಲಿ ಚೆಲ್ಲಿದ್ದು ಅರ್ಧ ಬಿಂದಿಗೆ ಮಾತ್ರ. ಅದೂ ದೇವರ ದಯೆ.

"ಏನಮ್ಮ, ಸೊಪ್ಪಿನ ವ್ಯಾಪಾರ ಇಲ್ಲಲ್ಲ" ಎಂದರು ಬಾಗಿಲಲ್ಲಿದ್ದ ಪೇದೆ.

"ಕರು ಎಲ್ಲೈತೆ ಸ್ವಾಮಿ?"

"ಯಾವ ಕರು?"

"ನಮ್ಮ ಭಾವನೋರ್ದು, ಹೊರಕೆರೆದೇವಪುರದ ಕಡೇದು. ಹಿಡ್ಕಂಬಂದಿದೀರಂತಲ್ಲ."

ಪೇದೆ ನನ್ನ ಸೊಪ್ಪನ್ನೂ ಬಿಂದಿಗೆಯನ್ನೂ ನೋಡಿ, "ಆ ಕಡೇದು ಇವತ್ತು ಬಂದಿರೋದು ಒಂದೇ. ಅಗೋ, ಅಲ್ಲಿ ನಿಂತೈತೆ" ಎಂದರು.

ಕರುವಲ್ಲ, ಕಾರು! ಮುಂದೆ ನಿಂತು ಭಾವ ಅದರ ಮೂತಿ ಸವರುತ್ತಿದ್ದರು.

"ಬಂದ್ಯಾ? ಆಸ್ಪತ್ರೇಲಿ ನಿಮ್ಮಕ್ಕನ ಕೈಕಾಲಿನ ವ್ಯಾಯಾಮ ಮುಗಿಯೋದ್ರೊಳಗೆ ಬಿಡಿಸ್ಕಂಡು ಹೋಗಾಣ ನಡಿ."

ಅಂದರೆ ಅಕ್ಕ ಇನ್ನೂ ನಡೆದಿರಲಿಲ್ಲ. ನಾನು ಸೊಪ್ಪನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೆ.

ನಮ್ಮ ಭಾವ ಕಾರು ಓಡಿಸುವುದಿಲ್ಲ, ಹೂಡುತ್ತಾರೆ. ಇದನ್ನು ನಾನು ಮೊದಲೇ ಹೇಳಬೇಕಿತ್ತು. ಅಕ್ಕ ಹಾಸಿಗೆ ಹಿಡಿದ ವರ್ಷ, ಅವಳನ್ನು ವಾರವಾರ ದುರ್ಗದ ಆಸ್ಪತ್ರೆಗೆ ಕರೆತರಲೆಂದು ಜೋಡೆತ್ತು ಮಾರಿ ಈ ಹಳೇ ಕಾರು ಕೊಂಡರು. ಎತ್ತು ಹೋದವು, ಎತ್ತಿನ ಪದ್ಧತಿ ಹೋಗಲಿಲ್ಲ. ಸೋಮವಾರ ಬಸವಣ್ಣನ ದಿನ, ಎತ್ತು ಹೂಡಬಾರದು. ಆದ್ದರಿಂದ ಸೋಮವಾರ ಕಾರಿಗೂ ರಜೆ! ಡಾಕ್ಟರು ಸೋಮವಾರ ಬನ್ನಿ ಎಂದರೆ, "ಅವತ್ತು ಹೂಡಂಗಿಲ್ಲ ಡಾಕ್ಟ್ರೆ" ಎನ್ನುತ್ತಾರೆ. ಏನನ್ನು ಹೂಡುವುದು ಎಂದು ಡಾಕ್ಟರಿಗೆ ಇನ್ನೂ ತಿಳಿದಿಲ್ಲ. ಕಾರಹುಣ್ಣಿಮೆಗೆ ಎಲ್ಲರೂ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿದರೆ, ಇವರು ಕಾರಿನ ಎರಡು ಕನ್ನಡಿಗಳ ಬೆನ್ನಿಗೆ ಹಚ್ಚಿದರು.

"ಇದೇನು ಭಾವ?"

"ಹೆಸರಾಗೇ ಐತಲ್ಲವ್ವ, ಕಾರು-ಹುಣ್ಣಿಮೆ!"

ಸಂಕ್ರಾಂತಿಗೆ ಮಾತ್ರ ಎತ್ತಿನಂತೆ ಕಿಚ್ಚು ಹಾಯಿಸಲಿಲ್ಲ. ಪೆಟ್ರೋಲ್ ಗಾಡಿ, ಶಿವ ಕಾಪಾಡಿದ.

ಇಂಥವರು ಆಸ್ಪತ್ರೆಯ ಮುಂದಿನ ನೋ ಪಾರ್ಕಿಂಗ್ ಬೋರ್ಡಿನ ಬುಡದಲ್ಲೇ ಕಾರು ಕಟ್ಟಿ, ಅಂದರೆ ನಿಲ್ಲಿಸಿ, ಅಕ್ಕನಿಗೆ ಬಾಳೆಹಣ್ಣು ತರಲು ಹೋಗಿದ್ದಾರೆ. ಪೊಲೀಸರ ಲಾರಿ ಬಂದು ಎಳೆದೊಯ್ದಿದೆ. ಈಗ ಲೆಕ್ಕಾಚಾರ.

"ದಂಡ ಕಟ್ತೀನಿ, ಅದು ದೊಡ್ಡಿ ಧರ್ಮ. ಎಳ್ಕಂಬಂದ ಕೂಲಿ ನಾನ್ಯಾಕೆ ಕೊಡ್ಲಿ? ಎಳೀರಿ ಅಂತ ನಾನಂದಿದ್ನಾ? ಒಂದು ಮಾತು ಹೇಳಿದ್ರೆ ನಾನೇ ಹೊಡ್ಕಂಬಂದು ಕೂಡ್ತಿದ್ದೆ!"

"ಎಲ್ರೂ ಕೊಡ್ತಾರೆ ಯಜಮಾನ್ರೆ."

"ಆಯ್ತು, ಕೊಡ್ತೀನಿ. ದೊಡ್ಡಿಯೋರು ಮೇವು ನೀರು ನೋಡ್ಕಬೇಕಲ್ಲ? ನೀರು ಕುಡಿಸಿದ್ರಾ?"

ಪೇದೆ ರಸೀದಿ ಪುಸ್ತಕ ತೆಗೆದು, "ಗಾಡಿ ಕಾಗದ ತೋರ್ಸಿ" ಎಂದರು.

"ಗಾಡಿಯೊಳಗವೆ."

"ರಸೀದಿ ಆಗದೆ ಗಾಡಿ ಮುಟ್ಟಂಗಿಲ್ಲ."

"ರಸೀದಿ ಕೊಡ್ರಿ ಮತ್ತೆ."

"ಕಾಗದ ನೋಡ್ದೆ ಹೆಂಗೆ ಕೊಡ್ಲಿ?"

ಗಾಣದೆತ್ತಿನಂತೆ ಮಾತು ಸುತ್ತು ಹಾಕಿತು. ಕೊನೆಗೆ ಭಾವ ದನಿ ತಗ್ಗಿಸಿದರು. "ನಮ್ಮನೆಯವಳು ಆಸ್ಪತ್ರೆ ಕಿಟಕಿಯಾಗೆ ನೋಡೋದ್ರೊಳಗೆ ಇದು ಅಲ್ಲಿರಬೇಕು ಕಣಪ್ಪ. ಕಾಣ್ದಿದ್ರೆ ಬಿಟ್ಟುಹೋದ್ರು ಅಂತ ಹೆದರ್ಕಂತಾಳೆ. ಮಾತು ನಿಂತೋಗೈತೆ. ಕೂಗಾಕೂ ಆಗಲ್ಲ ಅವಳಿಗೆ."

ನನಗೂ ಆಗಲೇ ತಿಳಿದದ್ದು. ನೆರಳಿರುವ ಜಾಗ ಬಿಟ್ಟು, ಬೋರ್ಡಿನ ಬುಡವೇ ಇವರಿಗೆ ಯಾಕೆ ಬೇಕು ಎಂದು ನಾನು ಎಷ್ಟು ಸಲ ಬೈದಿದ್ದೆನೋ! ಅಕ್ಕ ವ್ಯಾಯಾಮ ಮಾಡುವ ಕೋಣೆಯ ಕಿಟಕಿಗೆ ಕಾಣುವುದು ಅದೊಂದೇ ಜಾಗ.

"ತೆಗೀರಿ ಬಾಗ್ಲು. ಕಾಗದ ತಗೊಳ್ರಿ" ಎಂದರು ಪೇದೆ.

ದಂಡ, ಕೂಲಿ ಎಲ್ಲ ಸೇರಿ ನಮ್ಮ ಮನೆಯ ಒಂದು ತಿಂಗಳ ಹಾಲಿನ ಲೆಕ್ಕದಷ್ಟಾಯಿತು. ಭಾವ ಬಾನೆಟ್ ಎತ್ತಿ ರೇಡಿಯೇಟರಿಗೆ ಬಿಂದಿಗೆ ಬಗ್ಗಿಸಿದರು. ಗೊಟಗೊಟ ಕುಡಿಯಿತು. ಶಿವನ ನೆತ್ತಿಗೆ ಬೀಳಬೇಕಾದ ನೀರು. ಆದರೆ ಶಿವ ಏನೂ ಅಂದುಕೊಳ್ಳಲಾರ, ಅವನ ಗಾಡಿಯೂ ಅದೇ ಜಾತಿಯದಲ್ಲವೆ! ಮೂಲಂಗಿ ಸೊಪ್ಪನ್ನು ಪೇದೆಗೇ ಕೊಟ್ಟು ಬಂದೆ. ಗಾಡಿ ಬಿಟ್ಟ ಮೇಲೆ ಕೊಟ್ಟದ್ದು ಲಂಚವಾಗುವುದಿಲ್ಲ ಎಂದುಕೊಂಡಿದ್ದೇನೆ.

ಆಸ್ಪತ್ರೆ ತಲುಪಿದಾಗ ಭಾವ ಕಾರನ್ನು ದೂರದ ಮರದಡಿ, ಕಾನೂನು ಪ್ರಕಾರ, ನಿಲ್ಲಿಸಿದರು. ದಂಡ ಕಟ್ಟಿದ್ದಕ್ಕೆ ಬುದ್ಧಿ ಬಂತು ಎಂದುಕೊಂಡೆ. ಅಷ್ಟರಲ್ಲಿ ಅವರು ಬಿರಬಿರನೆ ನಡೆದು ಹೋಗಿ, ಅದೇ ಬೋರ್ಡಿನ ಬುಡದಲ್ಲಿ, ಕಾರು ನಿಲ್ಲುತ್ತಿದ್ದ ಜಾಗದಲ್ಲೇ, ಕಿಟಕಿಗೆ ಮುಖಮಾಡಿ ನಿಂತರು. ನೆತ್ತಿ ಸುಡುವ ಬಿಸಿಲು.

"ಏನಿದು ಭಾವ?"

"ಕಾರಾದ್ರೆ ಎಳ್ಕಂಡೋಗ್ತಾರೆ. ನನ್ನನ್ಯಾರು ಎಳ್ಕಂಡೋಗ್ತಾರವ್ವ?"

ಕಿಟಕಿಯಲ್ಲಿ ಅಕ್ಕನ ಮುಖ ಕಂಡಿತು. ಮೊದಲು ಗಾಬರಿಯಿಂದ ಕಾರು ಹುಡುಕಿತು. ಆಮೇಲೆ ಭಾವನವರನ್ನು ಕಂಡಿತು. ಬಾಯಿ ಸೊಟ್ಟಗಾದ ಮೇಲೆ ಅಕ್ಕನ ನಗು ಒಂದೇ ಕಡೆಯಿಂದ ಬರುತ್ತದೆ. ಬಂತು.

ಹರಕೆಯ ಕರು ಇನ್ನೂ ಬಾಕಿ ಇದೆ. ಇರಲಿ, ಶಿವನಿಗೂ ಅವಸರವಿಲ್ಲ.

ಮನೆಗೆ ಬಂದು ನೋಡಿದರೆ ದೇವರ ಬಿಂದಿಗೆಗೆಲ್ಲ ಕಾರಿನ ಕರಿ ಜಿಡ್ಡು. ಹುಣಸೆಯ ನಾರನ್ನು ಇನ್ನೂ ಬಿಸಾಡಿರಲಿಲ್ಲ, ಪುಣ್ಯ. ಅದನ್ನೇ ನೆನೆಸಿಕೊಂಡು ಬಿಂದಿಗೆ ಬೆಳಗಲು ಕುಳಿತೆ.