ಗಣಪಯ್ಯನ ಕಿಡ್ನಿದಾನ

ಹೋದದ್ದು ಕಿಡ್ನಿ, ತಾನಲ್ಲ! ಮಂಗಳೂರಿನ ಆಸ್ಪತ್ರೆಯಿಂದ ಜಯಪುರಕ್ಕೆ ಮರಳುವಾಗಲೇ ಹಿಟ್ಟಿನ ಗಿರಣಿಯ ಗಣಪಯ್ಯ ಹೀಗೊಂದು ಘನಘೋರ ನಿರ್ಧಾರ ಕೈಗೊಂಡಿದ್ದ. ಕ್ಯಾನ್ಸರ್ ಹತ್ತಿದ ಎಡಗಡೆಯದನ್ನು ಗಡ್ಡೆ ಸಮೇತ ತೆಗೆದ ಡಾಕ್ಟರು, "ಒಂದು ಸಾಕು, ಆರಾಮಾಗಿ ಬದುಕಬಹುದು. ಉಪ್ಪು ಕಡಿಮೆ, ನಡಿಗೆ ಜಾಸ್ತಿ, ತಪಾಸಣೆ ಮಾತ್ರ ತಪ್ಪಿಸಬೇಡಿ" ಎಂದಿದ್ದರು. ಬದುಕುತ್ತೇನೆ! ಆದರೆ 'ಅಯ್ಯೋ ಪಾಪ' ಎನ್ನುವವರನ್ನು ಗಿರಣಿಯ ಮೆಟ್ಟಿಲು ಹತ್ತಿಸುವುದಿಲ್ಲ!

ಮೊದಲು ಸಿಕ್ಕವನು ಎದುರು ಬೇಕರಿಯ ನಯಾಜ್.

"ಎಂತ ಆಪರೇಶನ್ನು ಗಣಪಯ್ಯೋರೆ?"

'ಕ್ಯಾನ್ಸರ್' ನಾಲಿಗೆಯ ತುದಿಗೆ ಬಂತು. ಅದನ್ನು ಕೇಳಿ ಬಾಡಲಿರುವ ನಯಾಜನ ಮುಖವೂ ಕಣ್ಣಿಗೆ ಕಟ್ಟಿತು. ಗಣಪಯ್ಯ ಕೈ ಬೀಸಿ, "ದೊಡ್ಡದೆಂತ ಅಲ್ಲ ಮಾರಾಯ, ಒಂದು ಕಿಡ್ನಿ ಕೊಟ್ಟು ಬಂದೆ" ಎಂದುಬಿಟ್ಟ.

"ದಾನವಾ!" ನಯಾಜನ ಕೈಯಲ್ಲಿದ್ದ ಬನ್ನು ಕೆಳಗೆ ಬಿತ್ತು.

ಅಲ್ಲ ಎನ್ನಬೇಕಿತ್ತು. ಗಣಪಯ್ಯ ಆಕಾಶ ನೋಡಿದ. ಆ ಮೌನವೇ ಮಹಾತ್ಯಾಗವಾಯಿತು! ಸುದ್ದಿ ಬಸ್ಸು ಹತ್ತಿತು. ಕೊಪ್ಪದಲ್ಲಿ ಕಿಡ್ನಿ ಒಬ್ಬ ಬಡ ಮೇಷ್ಟರಿಗೆ ಸಂದಿತ್ತು. ಶೃಂಗೇರಿಯಲ್ಲಿ ಅವಳಿ ಮಕ್ಕಳ ತಾಯಿಗೆ. ಎನ್.ಆರ್. ಪುರ ಮುಟ್ಟುವಾಗ ಗಣಪಯ್ಯ ಎರಡನ್ನೂ ಕೊಟ್ಟಾಗಿತ್ತು!

ಹೆಂಡತಿ ಸುಮನಾ ಸಿಡಿದಳು. "ನಿಜ ಹೇಳಿ ಮಾರಾಯ್ರೆ. ಕ್ಯಾನ್ಸರ್ ಅನ್ನೋಕೆ ಎಂತ ನಾಚಿಕೆ? ಕದ್ದು ತಂದದ್ದಾ ನೀವು?"

"ನಾಚಿಕೆ ಅಲ್ವೇ. ಹೇಳಿದ್ರೆ ಯಾರೂ ನನ್ನ ಹತ್ರ ನಗೋದೇ ಇಲ್ಲ."

"ಈಗ ಎಲ್ಲಾ ಕೈ ಮುಗೀತಿದಾರೆ. ಅದು ನಗೋದಾ?"

ಅಷ್ಟರಲ್ಲಿ ಊರಿನ ಗೆಳೆಯರ ಬಳಗ ಸನ್ಮಾನವನ್ನೇ ಇಟ್ಟಿತು. 'ಕಿಡ್ನಿ ಕುಲತಿಲಕ' ಎಂಬ ಬಿರುದು! ತಲೆಗೆ ಪೇಟ ಏರಿತು, ಕೊರಳಿಗೆ ಹಾರ ಬಿತ್ತು. ನಯಾಜ್ ಶಾಲು ಬಿಡಿಸಿ ಹಿಡಿದ. ಅದೇ ಹೊತ್ತಿಗೆ ಮುಂದಿನ ಸಾಲಿನಿಂದ ಮೆಣಸೆಯ ಬೈರಪ್ಪ ಎಂಬುವರು ಎದ್ದು ನಿಂತರು.

"ನಮ್ಮ ಭಾವ ಡಯಾಲಿಸಿಸ್ಸಲ್ಲಿದಾನೆ. ನಾನೂ ಒಂದು ಕೊಡುವ ಅಂತ ಇದೀನಿ, ಹೆದರಿಕೆ. ಕೊಟ್ಟವರು ನೀವು, ಎಂತ ಆಗ್ತದೆ ಹೇಳಿ."

ಗಣಪಯ್ಯ ತಲೆಯೆತ್ತಿದ. ಬೇಕರಿಯ ಮುಂದೆ ಮಾಡಿದ ಹಾಗೆ ಆಕಾಶ ನೋಡೋಣವೆಂದರೆ ಮೇಲೆ ಬರೀ ಶಾಮಿಯಾನ! ಪೇಟ ಕೆಳಗಿಟ್ಟ.

"ನಾನು ಕೊಟ್ಟದ್ದಲ್ಲ ಬೈರಪ್ಪನವರೇ. ಕ್ಯಾನ್ಸರಾಗಿತ್ತು, ತೆಗೆದು ಬಿಸಾಡಿದ್ರು. ಪಾಪ ಅನ್ನಿಸ್ಕೊಳ್ಳೋಕೆ ಹೆದರಿ ಸುಮ್ನಿದ್ದೆ. ಕೊಡೋದರ ವಿಷಯ ನಂಗೆ ಗೊತ್ತಿಲ್ಲ, ಡಾಕ್ಟ್ರನ್ನೇ ಕೇಳುವ, ಜೊತೆಗೆ ನಾನೂ ಬರ್ತೀನಿ. ಒಂದರಲ್ಲಿ ಬದುಕೋದು ಮಾತ್ರ ಗೊತ್ತು. ನೋಡಿ, ಗಿರಣಿ ನಡೆಸ್ತಿದೀನಿ, ದಿನಾ ಹೆಂಡತಿ ಹತ್ರ ಬೈಸ್ಕೊಳ್ತಿದೀನಿ, ಎಂತ ಕಡಿಮೆ ಆಗಿಲ್ಲ."

ನಗಬೇಕೋ ಅಳಬೇಕೋ ಯಾರಿಗೂ ತಿಳಿಯಲಿಲ್ಲ. ಬಿಡಿಸಿದ ಶಾಲು ಹಿಡಿದ ನಯಾಜ್ ಕಂಗಾಲು.

"ಹಾಗಾದ್ರೆ ಇದನ್ನ ಯಾರಿಗೆ ಹೊದೆಸೋದು?"

"ಉಳಿದ ಕಿಡ್ನಿಗೆ!" ಹೆಂಗಸರ ಸಾಲಿನಿಂದ ಸುಮನಾಳ ದನಿ ಬಂತು.

ಮೊದಲು ನಕ್ಕವನು ಗಣಪಯ್ಯನೇ. ಬೆನ್ನಿಗೇ ಶಾಮಿಯಾನ ಹಾರುವಷ್ಟು ನಗು. ಅದು ಇಳಿಯುವವರೆಗೆ ಕಾದು ಸುಮನಾ ಮಾತು ಮುಗಿಸಿದಳು:

"ಇಬ್ಬರ ಕೆಲಸ ಅದೊಂದೇ ಮಾಡ್ತಿದೆ ನಯಾಜಣ್ಣ. ಅದರ ಕಷ್ಟ ನಂಗೆ ಗೊತ್ತು. ಮದುವೆಯಾದಲ್ಲಿಂದ ನಾನೂ ನಮ್ಮನೇಲಿ ಮಾಡ್ತಿರೋದು ಅದನ್ನೇ!"