ಅಣ್ಣನ ಹಗ್ಗ ಮತ್ತು ಬಿದ್ದ ವಿಮಾನ

ನನ್ನ ಅಣ್ಣನನ್ನು ಊಟಕ್ಕೆ ಕರೆಯುವವರು ಮನೆಯಲ್ಲಿ ಏನೂ ಕೆಟ್ಟಿಲ್ಲವೆಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಕೆಟ್ಟಿದ್ದರೆ ಊಟ ತಡ! ವಿಮಾನಗಳು ಯಾಕೆ ಬಿದ್ದವೆಂದು ಹುಡುಕುವುದು ಅವನ ಸರ್ಕಾರಿ ಕೆಲಸ. ರಜೆಗೆ ಪಾಂಡವಪುರಕ್ಕೆ ಬಂದರೂ ಅದು ಅವನನ್ನು ಬಿಡುವುದಿಲ್ಲ.

ಒಮ್ಮೆ ಗದ್ದೆಯ ಪಂಪ್‌ಸೆಟ್ಟು ನಿಂತಿತು. ಅಣ್ಣ ಎತ್ತಿನ ಹಗ್ಗ ತಂದು ಸುತ್ತಲೂ ಕಟ್ಟಿಬಿಟ್ಟ.

"ಭಾವ, ಇದು ಏರೋಪ್ಲೇನ್ ಅಲ್ಲ" ಎಂದರು ನನ್ನ ಯಜಮಾನರು.

"ಮುಟ್ಟಿದ್ರೆ ಸಾಕ್ಷಿ ಹೋಯ್ತದೆ."

"ಮುಟ್ದೆ ಇದ್ರೆ ಬತ್ತ ಓಯ್ತದೆ ಕಣ್ಲಾ" ಎಂದಳು ಅವ್ವ.

ಇನ್ನೊಮ್ಮೆ ನಾನು ತೊಳಸಿದ ಮುದ್ದೆಯಲ್ಲಿ ಗಂಟು. "ನಾಗಮಂಗ್ಲದೋರ ಮನೆ ಸೇರಿ ಮುದ್ದೆ ಮಾಡೋದ್ನೂ ಮರ್ತ್ಯಾ?" ಎಂದು ಅವ್ವ ಹರಿಹಾಯ್ದಳು. ಅಣ್ಣ ಹಿಟ್ಟು, ಕೋಲು, ಒಲೆ ಎಲ್ಲ ನೋಡಿ ಎದ್ದ. "ಸೌದೆ ಹಸಿ. ನಡುವೆ ಬೆಂಕಿ ಸೋತದೆ. ಕಡೇಲಿ ಕೈಯಿಟ್ಟೋರ್ನ ಬಯ್ಯೋದು ಸುಲಭ ಕಣವ್ವ." ಆ ಸೌದೆ ಒಟ್ಟಿದವಳು ಅವ್ವನೇ! ಅಂದಿನಿಂದ ಅಣ್ಣನ ಹೆಸರಿನಲ್ಲಿ ಒಂದು ತುಪ್ಪದ ದೀಪ ಹೆಚ್ಚಿಗೆ ಹಚ್ಚುತ್ತೇನೆ. ಅವನೋ, ದೇವಸ್ಥಾನಕ್ಕೆ ಬಂದರೆ ಗಂಟೆಯ ಕೊಂಡಿ ಸವೆದಿದೆಯೇ ಎಂದು ನೋಡುವ ಭಕ್ತ.

ಒಂದು ವರ್ಷ ಪ್ರಯಾಣಿಕರ ವಿಮಾನವೊಂದು ಎರಡೂ ಇಂಜಿನ್ನುಗಳ ಶಕ್ತಿ ಕಳೆದುಕೊಂಡು ಬಿತ್ತು. ಪೈಲಟ್ಟೂ ಉಳಿಯಲಿಲ್ಲ. ಮರುದಿನ ಕೆ.ಆರ್. ಪೇಟೆ ಬಸ್ಸಿನಲ್ಲಿ ಒಬ್ಬರು ತೀರ್ಪು ಕೊಟ್ಟರು: "ಡ್ರೈವರ್‌ದೇ ತಪ್ಪು ಕಣ್ಲಾ, ನಿದ್ದೆ ಒಡ್ದವ್ನೆ."

ನನ್ನ ಪಕ್ಕದಲ್ಲಿದ್ದ ಅಣ್ಣ ತಿರುಗಿ, "ವಿಮಾನದಲ್ಲಿ ತಾವು ಯಾವ ಸೀಟಲ್ಲಿದ್ರಿ?" ಎಂದ. ಅವರು ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟರು.

ಆ ತನಿಖೆ ಅವನ ಪಾಲಿಗೇ ಬಂತು. ಹೊರಡುವ ದಿನ ಅವನು ಊಟ ಮಾಡಲಿಲ್ಲ. "ಪೈಲಟ್ ಮಕ್ಳು ಸ್ಕೂಲಿಗೆ ಹೋಗೋದು ಬುಟ್ಬುಟ್ಟವಂತೆ ಕಣವ್ವ. ನಿಮ್ಮಪ್ಪನೇ ಎಲ್ರನ್ನೂ ಸಾಯಿಸ್ದ ಅಂತಾರಂತೆ." ಅವ್ವ ತಟ್ಟೆ ಎತ್ತಿದಳು. ಬೈಯಲಿಲ್ಲ.

ತಿಂಗಳುಗಟ್ಟಲೆ ಅವನ ಸುದ್ದಿಯಿಲ್ಲ. ಮಹಾಲಯ ಅಮಾವಾಸ್ಯೆಗೆ, ಅವ್ವನಿಗೆ ಹೆದರಿ ಪ್ರತಿ ವರ್ಷ ಬರುವಂತೆ, ಅಪ್ಪನಿಗೆ ತರ್ಪಣ ಬಿಡಲು ಬಂದ. ಅವ್ವನೊಂದಿಗೆ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಯಲ್ಲಿ ನನಗೆ ಇಷ್ಟೇ ಹೇಳಿದ: "ವಿಮಾನಕ್ಕೆ ತುಂಬಿದ ಎಣ್ಣೇಲೇ ನೀರು ಸೇರಿತ್ತು. ಪೈಲಟ್ಟು ಕಡೇ ಗಳಿಗೆವರ್ಗೂ ಇಳಿಸೋಕೆ ಹೆಣಗವ್ರೆ. ನಿನ್ನೆ ವರದಿ ಬರೆದುಕೊಟ್ಟೆ." ನಾನು ಬಸ್ಸಿನಲ್ಲೇ ಶ್ರೀರಂಗನಾಥನಿಗೆ ಕೈ ಮುಗಿದೆ. ನನ್ನ ಒಡಹುಟ್ಟಿದವನೆಂದು ಎದೆ ಉಬ್ಬಿತು.

ಕಾವೇರಿಯ ಮೆಟ್ಟಿಲ ಮೇಲೆ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರದೂ ಮುಗಿಯಿತು. ಅಣ್ಣ ಏಳಲಿಲ್ಲ. ಪುರೋಹಿತರು, "ಇನ್ಯಾರಿಗೆ?" ಎಂದರು. ಅಣ್ಣ ಆ ಪೈಲಟ್ಟರ ಹೆಸರು ಹೇಳಿದ.

"ಗೋತ್ರ?"

"ಗೊತ್ತಿಲ್ಲ ಸ್ವಾಮಿ. ತಪ್ಪು ಅವರದಲ್ಲ, ಅಷ್ಟು ಗೊತ್ತು."

ಅವ್ವ ಪೊಟ್ಟಣದಲ್ಲಿ ಉಳಿದಿದ್ದ ಎಳ್ಳನ್ನೆಲ್ಲ ಅವನ ಅಂಗೈಗೆ ಸುರಿದಳು.