ಕುರ್ಚಿ ಕೇಳಿದ ಸೋದರತ್ತೆ

ನಮ್ಮ ಸೋದರತ್ತೆ ಮನುಷ್ಯರ ಜೊತೆ ಜಗಳ ಆಡಿದವಳಲ್ಲ. ಅವಳ ಜಗಳವೇನಿದ್ದರೂ ಗೋಡೆಗಳ ಜೊತೆ! ಅದರಲ್ಲೂ ನಾನು ಬರೆದ ಗೋಡೆಯೆಂದರೆ ಮುಗಿಯಿತು.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೂ ಜಯನಗರದಿಂದ ಕೋಣನಕುಂಟೆವರೆಗೆ ಜನ ಓದುತ್ತಿದ್ದ ಗೋಡೆ ಜಾಹೀರಾತುಗಳಲ್ಲಿ ಅರ್ಧ ನನ್ನ ಕೈಯವು. (ಉಳಿದರ್ಧದಲ್ಲಿ ಕಾಗುಣಿತ ತಪ್ಪು!) ಗಂಡ ತೀರಿಕೊಂಡ ಮೇಲೆ ಪುಟ್ಟೇನಹಳ್ಳಿಯ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದ ಅತ್ತೆಗೆ ಅವನ್ನು ನೋಡಿಬರುವುದೇ ಸಂಜೆಯ ಕೆಲಸ. ನಮ್ಮ ಮನೆಯಲ್ಲೇ ಇರು ಎಂದರೆ ಒಪ್ಪುತ್ತಿರಲಿಲ್ಲ. ತಪ್ಪು ಹೇಳಲು ಮಾತ್ರ ತಪ್ಪದೆ ಬರುತ್ತಿದ್ದಳು.

ಒಮ್ಮೆ ತುಪ್ಪದ ಜಾಹೀರಾತು ಬರೆದೆ. ಗಂಡ, ಮಕ್ಕಳು ಊಟಕ್ಕೆ ಕೂತಿದ್ದಾರೆ, ಹೆಂಡತಿ ನಗುತ್ತಾ ಬಡಿಸುತ್ತಿದ್ದಾಳೆ.

"ಅವಳ ಎಲೆ ಎಲ್ಲೋ?" ಎಂದಳು ಅತ್ತೆ.

ಬಣ್ಣ ಖಾಲಿಯಾಯಿತು ಎಂದೆ!

ಇಂಟರ್‌ನೆಟ್ಟು ಬಂದ ಹೊಸತು. ಜೆ.ಪಿ. ನಗರದ ಕಂಪ್ಯೂಟರ್ ಸೆಂಟರೊಂದು ಅದರಲ್ಲೇ ಪಾಠ ಶುರುಮಾಡಿ, "ಮನೆಯಲ್ಲೇ ಕೂತು ಕಲಿಯಿರಿ" ಎಂದು ಗೋಡೆ ಬರೆಸಿತು. ಅವರು ಕೊಟ್ಟ ಚಿತ್ರದಂತೆ, ಟೈ ಕಟ್ಟಿದ ಹುಡುಗ ಕಂಪ್ಯೂಟರ್ ಮುಂದೆ ಕೂತಿದ್ದಾನೆ. ಹುಡುಗಿ ಅವನ ಕುರ್ಚಿ ಹಿಡಿದು ಹಿಂದೆ ನಿಂತಿದ್ದಾಳೆ. ಸೆಂಟರಿನ ಮಾಲೀಕರು ಬರಹವನ್ನು ಗಟ್ಟಿಯಾಗಿ ಓದಿ ಮೆಚ್ಚುತ್ತಿರುವಾಗಲೇ ಅತ್ತೆ ಬಂದಳು.

"ಈ ಹುಡುಗಿ ಫೀಸ್ ಕಟ್ಟಿಲ್ವೇನ್ ಸಾರ್?"

ಅವರು ತಬ್ಬಿಬ್ಬಾದರು. "ಹಾಗಲ್ಲಮ್ಮ, ಅಂದಕ್ಕೆ ಇರ್ಲಿ ಅಂತ..."

"ಅಂದಕ್ಕಾದ್ರೆ ಹೂಕುಂಡ ಬರೆಸಿ. ಕೂತು ಕಲೀರಿ ಅಂತೀರಿ, ಇವಳನ್ನ ನಿಲ್ಲಿಸಿದ್ದೀರಿ!"

ಆರ್ಡರೇ ಹೋಯಿತೆಂದುಕೊಂಡೆ. ಮಾಲೀಕರು ಗೋಡೆ ನೋಡಿದರು, ಅತ್ತೆಯನ್ನು ನೋಡಿದರು, ನಕ್ಕುಬಿಟ್ಟರು. "ಇವ್ರ ಬಾಯಿಗೆ ಯಾರು ಸಿಗ್ತಾರೆ ಗುರು! ಅವಳಿಗೂ ಒಂದು ಕುರ್ಚಿ ಹಾಕ್ಬಿಡು."

ನಿಂತವಳನ್ನು ಸುಣ್ಣ ಬಳಿದು ಅಳಿಸಿ, ಇನ್ನೊಂದು ಕಂಪ್ಯೂಟರ್ ಬರೆದು ಅದರ ಮುಂದೆ ಕೂರಿಸಿದೆ. ಅತ್ತೆಯ ಭಯಕ್ಕೆ ಟೈ ಹುಡುಗನಿಗಿಂತ ಒಂದು ಗೇಣು ಎತ್ತರವೇ ಆದಳು!

ಅಲ್ಲಿಗೆ ಜಗಳ ಮುಗಿಯಿತು. ಅತ್ತೆ ನಮ್ಮ ಮನೆಗೆ ಬರುವುದೂ ನಿಂತಿತು.

ಒಂದು ಸಂಜೆ ಹುಡುಕಿಕೊಂಡು ಹೋದರೆ ಕೋಣೆಗೆ ಬೀಗ. ಜೆ.ಪಿ. ನಗರಕ್ಕೆ ಬಂದು ನೋಡಿದರೆ, ಆ ಕಂಪ್ಯೂಟರ್ ಗೋಡೆಯ ಎದುರು ನಿಂತಿದ್ದಳು.

"ಇಲ್ಲೇನ್ ಮಾಡ್ತಿದ್ದೀಯ ಅತ್ತೆ? ನಡಿ ಮನೆಗೆ."

"ಇರೋ, ಇವಳ ಪಾಠ ಮುಗೀಲಿ."

ನಗಬೇಕೆಂದುಕೊಂಡೆ, ಆಗಲಿಲ್ಲ. ಚಿಕ್ಕಂದಿನಲ್ಲಿ ನಮ್ಮಪ್ಪನ ಸ್ಲೇಟು ಹೊತ್ತು ಅವನನ್ನು ಶಾಲೆಗೆ ಬಿಟ್ಟು, ಗಂಟೆ ಹೊಡೆಯುವವರೆಗೆ ಬಾಗಿಲಲ್ಲೇ ನಿಂತಿರುತ್ತಿದ್ದಳಂತೆ ಇವಳು. ಅಪ್ಪ ಅದನ್ನು ತಮಾಷೆಯೆಂದೇ ಹೇಳುತ್ತಿದ್ದ.

ಸೈಕಲ್ಲಿಗೆ ಕಟ್ಟಿದ್ದ ಖಾಲಿ ಬಣ್ಣದ ಡಬ್ಬ ಬಿಚ್ಚಿ, ಬೋರಲಾಗಿ ಅವಳ ಪಕ್ಕ ಇಟ್ಟೆ.

"ಕೂತ್ಕೋ."

ಸೆರಗು ಸರಿಮಾಡಿಕೊಂಡು ಕೂತಳು. ನಾನು ಹಿಂದೆ ನಿಂತೆ.